ಹೊಳೆ ಬಂದ ವರ್ಷದ ರೊಟ್ಟಿ

ಹೈದರಾಬಾದಿನ ಮಿಯಾಪುರದ ಮೆಟ್ರೋ ನಿಲ್ದಾಣದಿಂದ ಇಳಿದು ನಮ್ಮ ಅಪಾರ್ಟ್‌ಮೆಂಟಿನ ಕಡೆ ನಡೆಯುವ ದಾರಿಯಲ್ಲಿ, ಸಂಜೆಯಾದರೆ ಕೆಲವು ಹೆಂಗಸರು ಫುಟ್‌ಪಾತಿನ ಮೇಲೆ ಒಲೆ ಇಟ್ಟುಕೊಂಡು ಜೋಳದ ರೊಟ್ಟಿ ತಟ್ಟಿ ಮಾರುತ್ತಾರೆ. ತೆಲುಗಿನಲ್ಲಿ ಅದು ಜೊನ್ನ ರೊಟ್ಟೆ. ಆಫೀಸು ಬಿಟ್ಟು ಬರುವವರು ನಿಂತು ಕಾಗದದಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ದಿನವೂ ಅವರನ್ನು ದಾಟಿಯೇ ಬರುತ್ತೇನೆ, ಏನೂ ಅನ್ನಿಸುವುದಿಲ್ಲ. ಮೊನ್ನೆ ಮಾತ್ರ ಜಿಟಿಜಿಟಿ ಮಳೆಯಿತ್ತು. ಹಂಚಿನ ಮೇಲೆ ಬಿದ್ದ ಹಸಿ ರೊಟ್ಟಿಗೆ ಒಬ್ಬಾಕೆ ಒದ್ದೆ ಬಟ್ಟೆಯಿಂದ ನೀರು ಸವರಿದಳು. ಆ ಹಬೆ, ಅದರ ಹಿಂದೆಯೇ ಅಂಚು ಸೀದ ವಾಸನೆ, ಎರಡೂ ಮಳೆಯ ಜೊತೆ ಸೇರಿ ಮೂಗಿಗೆ ತಾಗಿದ್ದೇ ನಾನು ಕೊಡೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅವಳು ಎಷ್ಟು ಬೇಕು ಎಂದು ಎರಡು ಸಲ ಕೇಳಿದ ಮೇಲೆ ಎಚ್ಚರವಾಯಿತು.

ಎರಡು ಸಾವಿರದ ಒಂಬತ್ತರ ದಸರೆಯ ಮಾತು. ಹೈದರಾಬಾದು ಆಗ ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿ. ನನ್ನ ಯಜಮಾನರು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿದ್ದರು, ನಮಗೆ ಊರಿನ ಇನ್ನೊಂದು ತುದಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಇತ್ತು. ನಾನು ತುಮಕೂರು ಕಡೆಯವಳು. ರಾಗಿ ಮುದ್ದೆ ಕಟ್ಟುವ ಕೈ ನನ್ನದು. ಜೋಳದ ಹಿಟ್ಟು ಮುಟ್ಟಿದರೆ ಅದು ನನ್ನ ಬೆರಳ ಸಂದಿಯಲ್ಲಿ ಉದುರಿ ಹೋಗುತ್ತಿತ್ತು. ನಮ್ಮ ಕೆಳಗಿನ ಮನೆಯಲ್ಲಿ ಶಾಂತಕ್ಕ ಇದ್ದರು. ರಾಯಚೂರು ಜಿಲ್ಲೆಯವರು, ತುಂಗಭದ್ರೆಯ ದಂಡೆಯ ಒಂದು ಹಳ್ಳಿಯ ಮಗಳು. ಗಂಡ ಮಲ್ಲಣ್ಣನಿಗೆ ನಮ್ಮವರ ಜೊತೆಯೇ ಕೆಲಸ. ಶಾಂತಕ್ಕ ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಎದುರು ಮನೆಯ ಲಕ್ಷ್ಮಿ ತೆಲುಗಿನವಳು, ಕರ್ನೂಲಿನ ಹಳೇ ಪೇಟೆಯಲ್ಲಿ ಅವಳ ತವರು. ನಾವು ಮೂವರೂ ಬೆಳಿಗ್ಗೆ ಗಂಡಸರು ಶಿಫ್ಟಿಗೆ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ತರಕಾರಿ ಹೆಚ್ಚುವವರು. ಶಾಂತಕ್ಕ ಕನ್ನಡದಲ್ಲಿ ಹೇಳುತ್ತಿದ್ದರು, ಲಕ್ಷ್ಮಿ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಅದರಿಂದ ಏನೂ ತೊಂದರೆ ಇರಲಿಲ್ಲ.

ಆ ವರ್ಷ ಮಳೆಗಾಲ ಕೈಕೊಟ್ಟಿತ್ತು. ಆಷಾಢ, ಶ್ರಾವಣ ಎರಡೂ ಒಣಗಿಯೇ ಹೋದವು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ದಸರೆ ಮುಗಿದು ಇನ್ನು ಮಳೆಯ ಆಸೆಯನ್ನೇ ಬಿಟ್ಟಾಗ ಆಕಾಶ ಕಪ್ಪಾಯಿತು. ಹೈದರಾಬಾದಿನಲ್ಲಿ ಸುರಿದದ್ದು ಅಷ್ಟಕ್ಕಷ್ಟೆ. ಆದರೆ ಮೇಲೆ ವಿಜಾಪುರ, ಬಾಗಲಕೋಟೆ, ಬಳ್ಳಾರಿ, ರಾಯಚೂರು ಕಡೆ ಹಗಲೂ ರಾತ್ರಿ ಹೊಯ್ಯುತ್ತಿದೆ ಎಂದು ಸುದ್ದಿ. ಬೇಸಿಗೆಯಲ್ಲಿ ಎಮ್ಮೆಗಳು ನಡೆದು ದಾಟುವ ಹಳ್ಳಗಳೆಲ್ಲ ಹೊಳೆಯಾಗಿ, ಆ ಹೊಳೆಗಳೆಲ್ಲ ಕೃಷ್ಣೆ ತುಂಗಭದ್ರೆಗೆ ಬಂದು ಬಿದ್ದವು. ಒಂದು ಮಧ್ಯಾಹ್ನ ಟೀವಿ ಹಚ್ಚಿದರೆ ಕರ್ನೂಲು ಪೇಟೆಯಲ್ಲಿ ಅಂಗಡಿಗಳ ಹೆಸರಿನ ಹಲಗೆಯವರೆಗೂ ಕೆಂಪು ನೀರು ನಿಂತಿತ್ತು.

ಲಕ್ಷ್ಮಿ ನಮ್ಮ ಮನೆಗೇ ಬಂದು ಕೂತಳು. ಅಮ್ಮ ಫೋನು ಎತ್ತುತ್ತಿಲ್ಲ ಎಂದಳು. ಮತ್ತೆ ಮತ್ತೆ ಅದೇ ನಂಬರು ಒತ್ತುತ್ತಿದ್ದಳು. ಕೊನೆಗೆ ಯಾರೋ ನೆಂಟರ ಮೂಲಕ ಸುದ್ದಿ ಬಂತು: ಅಪ್ಪ ಅಮ್ಮ ಇಬ್ಬರೂ ಪಕ್ಕದ ಮನೆಯ ಮಾಳಿಗೆ ಹತ್ತಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಆದರೆ ಕೆಳಗಿಳಿಯುವ ಹಾಗಿಲ್ಲ.

ಶಾಂತಕ್ಕನಿಗೆ ಅಷ್ಟೂ ಸುದ್ದಿ ಇರಲಿಲ್ಲ. ಹಳ್ಳಿಯಲ್ಲಿ ಅಣ್ಣ ಶರಣಪ್ಪ, ಅವನ ಹೆಂಡತಿ ಮಕ್ಕಳು, ಜೊತೆಗೆ ಶಾಂತಕ್ಕನ ತಾಯಿ. ಅಣ್ಣನ ಮೊಬೈಲು ಸತ್ತುಹೋಗಿತ್ತು. ಟೀವಿಯಲ್ಲಿ ದೊಡ್ಡ ಊರುಗಳ ಹೆಸರು ಬರುತ್ತಿದ್ದವು, ಅವರ ಹಳ್ಳಿಯ ಹೆಸರು ಬರಲಿಲ್ಲ. ಅವರು ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದರು, ಒಳಗೆ ಬಂದು ಕೂರಲಿಲ್ಲ.

“ನಮ್ಮವ್ವಗ ಈಜ ಬರ್ತೈತಿ ತಂಗಿ,” ಎಂದರು ಒಮ್ಮೆ. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ಈಗ ಮೊಣಕಾಲು ಬ್ಯಾನಿ,” ಎಂದರು.

ಕಾಲೊನಿಯವರು ಸುಮ್ಮನಿರಲಿಲ್ಲ. ಮಾರನೆಯ ದಿನವೇ ಕಮ್ಯುನಿಟಿ ಹಾಲಿನಲ್ಲಿ ಬಟ್ಟೆಯ ರಾಶಿ ಬಿತ್ತು. ಕೋಠಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುಲ್ಬರ್ಗದ ವ್ಯಾಪಾರಿಯೊಬ್ಬರು ಹೊಸ ಹೊದಿಕೆಗಳ ಗಂಟುಗಳನ್ನು ಆಟೋದಲ್ಲಿ ಕಳಿಸಿದರು. ಅಮೀರ್‌ಪೇಟೆಯಲ್ಲಿ ಕೋಚಿಂಗಿಗೆಂದು ಹಾಸ್ಟೆಲುಗಳಲ್ಲಿದ್ದ ಕರ್ನೂಲು ಕಡೆಯ ತರುಣರು ಬಸ್ಸು ಹಿಡಿದು ಬಂದು ಮೂಟೆ ಹೊರಲು ನಿಂತರು. ತೆಲುಗಿನ ಹೆಂಗಸರೆಲ್ಲ ಸೇರಿ ದೊಡ್ಡ ಪಾತ್ರೆಗಳಲ್ಲಿ ಪುಳಿಯೋಗರೆ ಕಲಸಿ ಪೊಟ್ಟಣ ಕಟ್ಟಿದರು. ನಾನೂ ಕಟ್ಟಿದೆ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ಕಿಗೆ ತುಂಬಿದೆವು, ಅವಸರ. ಲಾರಿ ಹೊರಟಾಗ ನಮಗೆಲ್ಲ ಏನೋ ದೊಡ್ಡ ಕೆಲಸ ಮಾಡಿದ ತೃಪ್ತಿ.

ಲಾರಿ ಎರಡು ದಿನದ ಮೇಲೆ ವಾಪಸು ಬಂತು. ಕೃಷ್ಣಾ ಸೇತುವೆಯ ಈಚೆಗೇ ಪೊಲೀಸರು ತಡೆದಿದ್ದರಂತೆ. ರಾತ್ರಿಯಿಡೀ ಸಾಲಿನಲ್ಲಿ ನಿಂತು ಮುಂದೆ ಹೋಗಿ ಗಂಟು ಬಿಚ್ಚಿದರೆ ಅನ್ನ ಹಳಸಿ ನೂಲು ನೂಲಾಗಿತ್ತು. ಬಟ್ಟೆ ಕೊಟ್ಟೆವು, ಅಕ್ಕಿಯ ಚೀಲವನ್ನೂ ಕೊಟ್ಟೆವು, ಆದರೆ ಅಕ್ಕಿ ತೆಗೆದುಕೊಂಡವರು ಅದನ್ನು ಹಿಡಿದುಕೊಂಡು ನಮ್ಮ ಮುಖ ನೋಡುತ್ತಿದ್ದರು ಎಂದು ಡ್ರೈವರು ಯಾದಗಿರಿ ಹೇಳಿದ. ಒಲೆ ಇಲ್ಲ, ಒಣ ಸೌದೆ ಇಲ್ಲ, ಕುಡಿಯುವ ನೀರಿಗೇ ಗತಿಯಿಲ್ಲ.

ಅಲ್ಲಿಯವರೆಗೆ ಹಾಲಿನ ಮೂಲೆಯಲ್ಲಿ ಬಟ್ಟೆ ಮಡಚುತ್ತ ಕೂತಿದ್ದ ಶಾಂತಕ್ಕ ತಲೆಯೆತ್ತಿದರು.

“ಕಡಕ್ ರೊಟ್ಟಿ ಕಳಸೂಣ್ರಿ. ತಿಂಗಳಿಟ್ರೂ ಕೆಡಂಗಿಲ್ಲ. ಒಲಿ ಬ್ಯಾಡ, ನೀರು ಬ್ಯಾಡ. ಮ್ಯಾಲ ಒಂದೀಟು ಶೇಂಗಾ ಹಿಂಡಿ ಉದರಿಸಿ ಕೊಟ್ರ ಹೊಟ್ಟಿ ತುಂಬತೈತಿ.”

ಲಕ್ಷ್ಮಿ ಅದನ್ನು ತೆಲುಗಿಗೆ ತಿರುಗಿಸಿ ಹೇಳಿದಳು. ತನ್ನ ಊರಿನ ಕಡೆಯವರೂ ಜೋಳದ ರೊಟ್ಟಿಯನ್ನೇ ತಿಂದು ಬೆಳೆದವರು, ಬಾಯಿಗೆ ಹೊಸದಲ್ಲ ಎಂದು ತಾನೇ ಸೇರಿಸಿದಳು. ಹೀಗೆ ಶುರುವಾಯಿತು.

ಜೋಳದ ಹಿಟ್ಟು ಹಳೆಯದಾದರೆ ಅದರ ಜಿಗಿ ಹೋಗುತ್ತದೆ, ತಟ್ಟಿದರೆ ಒಡೆಯುತ್ತದೆ. ಇದು ನನಗೆ ಆಗ ಗೊತ್ತಾಯಿತು. ಹಾಗಾಗಿ ಅಂಗಡಿಯ ಹಿಟ್ಟಿನ ಪೊಟ್ಟಣ ಕೆಲಸಕ್ಕೆ ಬರುವಂತಿರಲಿಲ್ಲ, ಅಂದಂದಿನ ಜೋಳ ಅಂದಂದೇ ಬೀಸಬೇಕು. ಕಾಲೊನಿಯ ಗೇಟಿನ ಹೊರಗೆ ಮಸ್ತಾನ್ ಭಾಯಿಯ ಗಿರಣಿ ಇತ್ತು. ಸಣಕಲು ಮೈ, ಹುಬ್ಬಿನ ಮೇಲೆಲ್ಲ ಯಾವಾಗಲೂ ಹಿಟ್ಟು. ಶಾಂತಕ್ಕ ಹೋಗಿ ವಿಷಯ ಹೇಳಿದಾಗ ಅವರು ಬೇರೆ ಗಿರಾಕಿಗಳ ಗೋಧಿಯ ಡಬ್ಬಿಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿದರು. “ತುಮ್ ಜವಾರ್ ಲಾತೇ ಜಾವ್, ಮೈ ಪೀಸ್ತೇ ಜಾತೂಂ,” ಎಂದರು. ನೀವು ಜೋಳ ತರುತ್ತಾ ಹೋಗಿ, ನಾನು ಬೀಸುತ್ತಾ ಹೋಗುತ್ತೇನೆ. ಅಷ್ಟೇ ಮಾತು. ಕರೆಂಟು ಹೋದಾಗ ಗಿರಣಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು, ಬಂದ ಕೂಡಲೇ ಏಳುತ್ತಿದ್ದರು. ಅವರ ಮನೆಯ ಹೆಂಗಸರು ಶೇಂಗಾ ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿದ ಹಿಂಡಿಯನ್ನು ಡಬ್ಬಿಗಟ್ಟಲೆ ಕಳಿಸಿದರು. ಅದು ಶಾಂತಕ್ಕ ಮಾಡುವುದಕ್ಕಿಂತ ಖಾರವಾಗಿತ್ತು. ಶಾಂತಕ್ಕನೇ ಅದನ್ನು ಒಪ್ಪಿಕೊಂಡರು.

ಹಾಲಿನ ಹಿಂದಿನ ಅಂಗಳದಲ್ಲಿ ಒಲೆಗಳು ಸಾಲಾಗಿ ಹತ್ತಿದವು. ಮನೆಮನೆಯಿಂದ ಗ್ಯಾಸ್ ಸಿಲಿಂಡರು ಬಂದವು, ಹಂಚುಗಳು ಬಂದವು. ಬೀದರಿನವರು, ಗುಲ್ಬರ್ಗದವರು, ವಿಜಾಪುರದವರು, ಇಷ್ಟು ವರ್ಷ ಕಾಲೊನಿಯಲ್ಲಿ ಯಾವ ಮೂಲೆಯಲ್ಲಿದ್ದರೋ ತಿಳಿಯದ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಬಂದರು. ಶಾಂತಕ್ಕ ಕುದಿಯುವ ಎಸರಿಗೆ ಹಿಟ್ಟು ಸುರಿದು, ಬಿಸಿ ಇರುವಾಗಲೇ ನಾದುತ್ತಿದ್ದರು. ಆಮೇಲೆ ಎರಡೂ ಕೈಯಿಂದ ರೊಟ್ಟಿ ಬಡಿಯುವ ಸದ್ದು. ಅವರು ತಟ್ಟುವುದು ಎನ್ನುತ್ತಿರಲಿಲ್ಲ, ಬಡಿಯುವುದು ಎನ್ನುತ್ತಿದ್ದರು. ಒಬ್ಬರ ಕೈಯ ಲಯ ಇನ್ನೊಬ್ಬರದಕ್ಕೆ ಸೇರಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಅಂಗಳ ಒಂದೇ ಸದ್ದಾಗಿ ಕೇಳುತ್ತಿತ್ತು.

ನನ್ನ ರೊಟ್ಟಿ ಒಡೆಯುತ್ತಿತ್ತು. ಅಂಚು ಬಿರುಕು ಬಿಟ್ಟು ನಕ್ಷೆಯ ಹಾಗಾಗುತ್ತಿತ್ತು. ಒಂದೆರಡು ಸಲ ಕೈ ತಿದ್ದಿ ನೋಡಿದ ಶಾಂತಕ್ಕ, ನನ್ನನ್ನು ಒಣಗಿಸುವ ಕೆಲಸಕ್ಕೆ ಹಾಕಿದರು. ಬೆಂದ ರೊಟ್ಟಿಯನ್ನು ಸಣ್ಣ ಉರಿಯ ಮೇಲಿಟ್ಟು, ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ನೀರಿನಂಶವೆಲ್ಲ ಹೋಗುವಂತೆ ಮಾಡುವುದು. ಆಮೇಲೆ ಫ್ಯಾನಿನ ಕೆಳಗೆ ಚಾದರದ ಮೇಲೆ ಹರಡುವುದು. ಹಪ್ಪಳದ ಹಾಗೆ ಸದ್ದು ಮಾಡಿದರೆ ಎತ್ತಿಡುವುದು. ಲಕ್ಷ್ಮಿ ತರಕಾರಿ ಮಾರುಕಟ್ಟೆಯಿಂದ ಟೊಮೆಟೊ ಪೆಟ್ಟಿಗೆಗಳನ್ನು ತಂದು ಒಳಗೆ ಕಾಗದ ಹಾಸಿ ಜೋಡಿಸುತ್ತಿದ್ದಳು. ಮುರಿದ ರೊಟ್ಟಿ ನಮ್ಮ ಊಟಕ್ಕೆ.

ಪೆಟ್ಟಿಗೆಗಳು ಗೋಡೆಯೆತ್ತರ ಬಂದ ದಿನ ಜಗಳವೊಂದು ಎದ್ದಿತು. ಜಗಳ ಎಂದರೆ ಕೂಗಾಟವಲ್ಲ. ನಗರದ ಕನ್ನಡಿಗರಲ್ಲಿ ಹಿರಿಯರಾದ ಒಬ್ಬರು ಬಂದಿದ್ದರು. ಜೋಳದ ಚೀಲಗಳನ್ನು ಹೊಂದಿಸಿದವರೇ ಅವರು. ಅವರು ಹೇಳಿದ ಮಾತಿನಲ್ಲಿ ತಪ್ಪೂ ಇರಲಿಲ್ಲ. ಕರ್ನೂಲು ದೊಡ್ಡ ಊರು, ಹೈದರಾಬಾದಿಗೆ ಹತ್ತಿರ, ಟೀವಿಯವರು ಅಲ್ಲೇ ಇದ್ದಾರೆ, ಸರ್ಕಾರವೂ ಅಲ್ಲೇ ಇದೆ. ರಾಯಚೂರಿನ ಹೊಳೆದಂಡೆಯ ಹಳ್ಳಿಗಳನ್ನು ಯಾರೂ ಕೇಳುವವರಿಲ್ಲ. ಇದು ಕನ್ನಡದ ಹೆಣ್ಣುಮಕ್ಕಳು ಬಡಿದ ರೊಟ್ಟಿ, ನಮ್ಮವರಿಗೇ ಮುಟ್ಟಲಿ. ಆ ಕಡೆಯ ರಸ್ತೆ ಸೇತುವೆಯ ಹತ್ತಿರ ಕಿತ್ತುಹೋಗಿದೆ ನಿಜ, ನಾಲ್ಕೈದು ದಿನದಲ್ಲಿ ಆಗುತ್ತದೆ. ಹೇಗೂ ಕೆಡದ ರೊಟ್ಟಿ, ಕಾಯೋಣ.

ಲಕ್ಷ್ಮಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿದಳು. ಕನ್ನಡ ಅವಳಿಗೆ ಅಷ್ಟೂ ಅರ್ಥವಾಗುತ್ತಿತ್ತು. ಕೆಲವರು ಹಿರಿಯರ ಮಾತೇ ಸರಿ ಎಂದರು. ಮಲ್ಲಣ್ಣ ಹೆಂಡತಿಯ ಕಡೆ ನೋಡಿದರು. ಆ ಹಾಲಿನಲ್ಲಿ ಕಾಯೋಣ ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಶಾಂತಕ್ಕನಿಗಿತ್ತು.

ಶಾಂತಕ್ಕ ಕೈಗಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ಎದ್ದು ನಿಂತರು.

“ನಮ್ಮವ್ವ ಎಲ್ಲಿ ಅದಾಳ ನನಗ ಗೊತ್ತಿಲ್ರಿ ಕಾಕಾರ. ಮಾಳಿಗಿ ಮ್ಯಾಲ ಕುಂತಾಳೋ, ಗುಡ್ಡ ಹತ್ಯಾಳೋ, ಗೊತ್ತಿಲ್ಲ. ಲಕ್ಷ್ಮಿ ಅವ್ವ ಎಲ್ಲಿ ಅದಾಳ ಅನ್ನೂದರ ಗೊತ್ತೈತಿ. ಗೊತ್ತಿದ್ದವ್ರ ಕಡೆ ಮೊದಲ ಹೋಗ್ಲಿ. ಹಾದಿ ತಗದ ಮ್ಯಾಲ ಆ ಕಡೆ ಮತ್ತ ಬಡಿಯೂಣು. ನನ್ನ ಕೈ ಏನ ಎಲ್ಲೂ ಹೋಗಂಗಿಲ್ಲ.”

ಹಿರಿಯರು ತಾವೇ ಒಂದು ಪೆಟ್ಟಿಗೆ ಎತ್ತಿಕೊಂಡು ಲಾರಿಯ ಕಡೆ ನಡೆದರು.

ಈ ಸಲ ಡ್ರೈವರು ಯಾದಗಿರಿಯ ಲಾರಿಯ ಹಿಂದೆ ಒಂದು ಜೀಪಿನಲ್ಲಿ ನಾವೂ ಹೋದೆವು. ಲಕ್ಷ್ಮಿ, ಅವಳ ಗಂಡ, ಶಾಂತಕ್ಕ, ನಾನು. ಬೆಳಿಗ್ಗೆ ಹೊರಟು ಕೃಷ್ಣೆಯನ್ನು ದಾಟುವಾಗ ಕೆಳಗೆ ನೋಡಿದೆ. ನೀರು ಇಳಿದಿತ್ತು, ಆದರೂ ಅದರ ಅಗಲ ಹೊಳೆಯದಲ್ಲ, ಕೆರೆಯದು. ಮರಗಳ ತುದಿಯಲ್ಲಿ ಹುಲ್ಲಿನ ಹೊರೆ, ಸೀರೆ, ಪ್ಲಾಸ್ಟಿಕ್ ಕೊಡ ಸಿಕ್ಕಿಕೊಂಡಿದ್ದವು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಯಾರೂ ಹೇಳಬೇಕಿರಲಿಲ್ಲ.

ಕರ್ನೂಲಿನ ಹಳೇ ಪೇಟೆಯಲ್ಲಿ ನೀರಿರಲಿಲ್ಲ, ರಾಡಿ ಇತ್ತು. ಮೊಣಕಾಲಿನ ತನಕ ಹೂತುಹೋಗುವ, ನುಣ್ಣಗಿನ, ನಾರುವ ರಾಡಿ. ಎಲ್ಲ ಮನೆಗಳ ಮುಂದೆಯೂ ಆ ಮನೆಯ ಹಾಸಿಗೆ, ಮಕ್ಕಳ ಪುಸ್ತಕ, ದೇವರ ಪಟ, ಮಿಕ್ಸಿ ರಾಶಿ ಬಿದ್ದಿದ್ದವು. ಜನ ಅಳುತ್ತಿರಲಿಲ್ಲ. ತಟ್ಟೆಗಳಿಂದ, ಮುರಿದ ಹಲಗೆಗಳಿಂದ ರಾಡಿ ಎತ್ತಿ ಎತ್ತಿ ಹೊರಗೆ ಹಾಕುತ್ತಿದ್ದರು. ಯಾರ ಮನೆಯ ರಾಡಿ ಯಾರು ಎತ್ತುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಮಸೀದಿಯೊಂದರ ಮೇಲಂತಸ್ತಿನಲ್ಲಿ ಹಲವು ಕುಟುಂಬಗಳು ಉಳಿದುಕೊಂಡಿದ್ದವು. ಅಲ್ಲಿನ ಕಟಕಟೆಗೆ ಹರಡಿದ್ದ ಸೀರೆಗಳು ಒಣಗುತ್ತಿದ್ದವು.

ಲಕ್ಷ್ಮಿಯ ತಾಯಿ ಮನೆಯ ಜಗುಲಿಯ ಮೇಲೆ ಕೂತಿದ್ದರು. ಮಗಳನ್ನು ನೋಡಿ ಅಳಲಿಲ್ಲ. ಊಟ ಮಾಡಿ ಹೊರಟೆಯಾ ಎಂದು ಕೇಳಿದರು. ಆಮೇಲೆ ಮನೆಯೊಳಗೆ ಕೈ ತೋರಿಸಿ, ಒಳಗೆ ಬರಬೇಡ, ಕೂರಿಸುವುದಕ್ಕೆ ಒಂದು ಮಣೆಯೂ ಇಲ್ಲ ಎಂದು ಸಂಕೋಚಪಟ್ಟರು. ಶಾಂತಕ್ಕ ಅವರ ಪಕ್ಕದಲ್ಲೇ ರಾಡಿ ಮೆತ್ತಿದ ಜಗುಲಿಯ ಮೇಲೆ ಕೂತು, ಪೆಟ್ಟಿಗೆ ಬಿಚ್ಚಿ, ರೊಟ್ಟಿಯೊಂದನ್ನು ಮುರಿದು ಹಿಂಡಿ ಉದುರಿಸಿ ಅವರ ಕೈಗಿಟ್ಟರು. ಮುದುಕಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಉಳಿದುದರಲ್ಲಿ ಅರ್ಧ ಮುರಿದು ಶಾಂತಕ್ಕನ ಕೈಗೆ ತಿರುಗಿ ಇಟ್ಟರು. ದೂರದಿಂದ ಬಂದಿದ್ದೀಯ, ತಿನ್ನು ಎಂದು ಸನ್ನೆ ಮಾಡಿದರು. ಇಬ್ಬರೂ ಒಟ್ಟಿಗೆ ತಿಂದರು. ತಿನ್ನುತ್ತ ತಿನ್ನುತ್ತ ಶಾಂತಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದನ್ನು ನಾನು ನೋಡಿದೆ. ನೋಡದವಳ ಹಾಗೆ ಪೆಟ್ಟಿಗೆ ಇಳಿಸಲು ಹೋದೆ.

ಸಂಜೆಯ ತನಕ ಬೀದಿ ಬೀದಿಯಲ್ಲಿ ರೊಟ್ಟಿ ಹಂಚಿದೆವು. ಲಕ್ಷ್ಮಿಯ ತಂದೆ ಮನೆ ತೊಳೆಯಲು ಅಲ್ಲೇ ಉಳಿದರು. ತಾಯಿಯನ್ನು ನಮ್ಮ ಜೀಪಿನಲ್ಲೇ ಹೈದರಾಬಾದಿಗೆ ಕರೆತಂದೆವು.

ರಾಯಚೂರಿನ ಸುದ್ದಿ ಬಂದದ್ದು ಅದರ ಮರುದಿನ. ಶರಣಪ್ಪನ ಹಿರಿಮಗ ನಡೆದು ನಡೆದು, ಎಲ್ಲೋ ಫೋನು ಸಿಕ್ಕಿದ ಕಡೆಯಿಂದ ಮಾಡಿದ್ದ. ಎಲ್ಲರೂ ಬದುಕಿದ್ದರು, ಅಜ್ಜಿಯನ್ನು ಬಿಟ್ಟು.

ಮುದುಕಿ ಹೊಳೆಯಲ್ಲಿ ಹೋಗಿರಲಿಲ್ಲ. ನೀರು ಊರೊಳಗೆ ನುಗ್ಗಿದ ರಾತ್ರಿ ಶರಣಪ್ಪ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಶಾಲೆಯ ಮಾಳಿಗೆ ಹತ್ತಿಸಿದ್ದ. ಅಲ್ಲಿ ಒಂದು ದಿನವಿಡೀ ಮಳೆಯಲ್ಲಿ. ಆಮೇಲೆ ಅಲ್ಲಿಂದ ದಿಬ್ಬದ ಮೇಲಿನ ಪಕ್ಕದೂರಿಗೆ ಸಾಗಿಸಿದರು. ಆ ಊರಿನವರು ಮನೆಗಳಲ್ಲಿ ಜಾಗ ಕೊಟ್ಟರು, ಅಂಬಲಿ ಕಾಸಿ ಕೊಟ್ಟರು. ಆದರೆ ಜ್ವರ ಇಳಿಯಲಿಲ್ಲ. ಮೂರನೆಯ ದಿನ ಬೆಳಗಿನಲ್ಲಿ ಪ್ರಾಣ ಹೋಯಿತು. ಅಂದರೆ ಶಾಂತಕ್ಕ ಹಾಲಿನಲ್ಲಿ ಎದ್ದು ನಿಂತು ಆ ಮಾತು ಆಡುವ ಹೊತ್ತಿಗೆ ತಾಯಿ ಇರಲಿಲ್ಲ. ಇದನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ, ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಶಾಂತಕ್ಕನಿಗೂ ಅದು ಹೊಳೆದಿರಬೇಕು.

ಮಲ್ಲಣ್ಣ ಅವರನ್ನು ಕರೆದುಕೊಂಡು ಸುತ್ತು ಹಾದಿಯಲ್ಲಿ ಊರಿಗೆ ಹೊರಟರು. ಹೋಗುವಾಗ ಶಾಂತಕ್ಕ ನನ್ನ ಕೈ ಹಿಡಿದು, ಆ ಕಡೆಯ ರೊಟ್ಟಿ ನಿಲ್ಲಿಸಬೇಡ ತಂಗಿ ಎಂದಷ್ಟೇ ಹೇಳಿದರು.

ನಿಲ್ಲಿಸಲಿಲ್ಲ. ಆದರೆ ಅವರಿಲ್ಲದ ಒಲೆಯ ಮುಂದೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಮೊದಲ ದಿನ ಆ ಜಾಗವನ್ನು ಖಾಲಿ ಬಿಟ್ಟೆವು. ಎರಡನೆಯ ದಿನ ಲಕ್ಷ್ಮಿಯ ತಾಯಿ ಮಗಳ ಭುಜ ಹಿಡಿದುಕೊಂಡು ಅಂಗಳಕ್ಕೆ ಬಂದರು. ಯಾರನ್ನೂ ಕೇಳಲಿಲ್ಲ. ಶಾಂತಕ್ಕನ ಮಣೆಯ ಮೇಲೆ ಕೂತು, ಹಿಟ್ಟಿನ ಉಂಡೆ ತೆಗೆದುಕೊಂಡು ಎರಡು ಅಂಗೈ ನಡುವೆ ತಿರುಗಿಸುತ್ತ ತಟ್ಟತೊಡಗಿದರು. ಅವರ ಕೈಯ ಲಯ ಬೇರೆ, ಸ್ವಲ್ಪ ನಿಧಾನ. ಮೊದಮೊದಲು ಉಳಿದವರ ಸದ್ದಿಗೆ ಹೊಂದಲಿಲ್ಲ. ಆಮೇಲೆ ಉಳಿದವರೇ ನಿಧಾನ ಮಾಡಿಕೊಂಡರು. ಮಧ್ಯಾಹ್ನ ಬಿಸಿಲಿಗೆ ಸುಸ್ತಾಗಿ ಎದ್ದ ಆಕೆ, ಶಾಂತಕ್ಕನ ತಾಯಿ ಯಾವ ಊರಿನವರೋ, ನಾನು ನೋಡಲೇ ಇಲ್ಲ ಎಂದು ಮಗಳ ಹತ್ತಿರ ಹೇಳಿದರಂತೆ. ರಸ್ತೆ ತೆರೆದ ದಿನ ಲಾರಿ ರಾಯಚೂರಿನ ಕಡೆ ಹೋಯಿತು. ಅದರಲ್ಲಿ ನಾನು ತಟ್ಟಿದ ರೊಟ್ಟಿಗಳೂ ಕೆಲವು ಇದ್ದವು. ದಪ್ಪ, ಆದರೆ ಒಡೆದಿರಲಿಲ್ಲ.

ಆ ವರ್ಷದ ಕೊನೆಗೆ ನಗರದಲ್ಲಿ ರಾಜ್ಯ ಒಡೆಯುವ ಮಾತು ಜೋರಾಯಿತು. ಬಂದ್‌ಗಳು, ನಿಂತ ಬಸ್ಸುಗಳು, ಮನೆಮನೆಯಲ್ಲಿ ವಾದ. ನಮ್ಮ ಮೆಟ್ಟಿಲ ಮೇಲೆ ಮಾತ್ರ ತರಕಾರಿ ಹೆಚ್ಚುವುದು ನಡೆದೇ ಇತ್ತು. ಶಾಂತಕ್ಕ ಕಾರ್ಯ ಮುಗಿಸಿ ಬಂದವರು ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದರು. ಅಣ್ಣನ ಮನೆ ಪೂರ್ತಿ ಬಿದ್ದಿತ್ತು. ಊರನ್ನೇ ಬೇರೆ ಕಡೆ ಕಟ್ಟುವ ಮಾತಿತ್ತು. ತನಗಿನ್ನು ಹೋಗಲು ಮನೆಯೂ ಇಲ್ಲ, ಊರೂ ಇಲ್ಲ ಎಂದು ಒಮ್ಮೆ ಹೇಳಿದರು. ದುಃಖದಿಂದ ಹೇಳಿದ ಹಾಗೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

ಶಿವರಾತ್ರಿಗೆ ಮುಂಚೆ ಅವರು ತಾಯಿಯ ಸಮಾಧಿಗೆ ಹೋಗಿ ಬರಬೇಕೆಂದರು. ಮಲ್ಲಣ್ಣನಿಗೆ ರಜೆ ಸಿಗಲಿಲ್ಲ, ನಾನು ಜೊತೆಗೆ ಹೋದೆ. ರಾಯಚೂರಿನ ತನಕ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ಟಂಟಂ ಆಟೋ. ದಾರಿಯಲ್ಲಿ ಅವರು ನನಗೆ ಅಲ್ಲಿಯವರೆಗೆ ಹೇಳದಿದ್ದ ಸಂಗತಿ ಹೇಳಿದರು. ಅವರ ತಾಯಿಯನ್ನು ಮಣ್ಣು ಮಾಡಿದ್ದು ಸ್ವಂತ ಊರಿನ ರುದ್ರಭೂಮಿಯಲ್ಲಲ್ಲ. ಅದು ನೀರೊಳಗಿತ್ತು. ಆಸರೆ ಕೊಟ್ಟ ಊರಿನ ರುದ್ರಭೂಮಿಗೆ ಹೋಗುವ ಹಾದಿಯ ಹಳ್ಳ ತುಂಬಿ ಹರಿಯುತ್ತಿತ್ತು. ಶರಣಪ್ಪ ತಾಯಿಯ ಹೆಣ ಇಟ್ಟುಕೊಂಡು ಎಲ್ಲಿ ಎಂದು ತೋಚದೆ ನಿಂತಿದ್ದಾಗ, ದಿನಾ ಅಂಬಲಿ ತಂದುಕೊಡುತ್ತಿದ್ದ ಖಾಸೀಂ ಸಾಬ್ ಎಂಬ ರೈತ ಹತ್ತಿರ ಬಂದು, ನಮ್ಮ ಹೊಲದಲ್ಲಿ ಎತ್ತರದ ಜಾಗ ಇದೆ, ನಿಮಗೆ ನಡೆಯುವುದಾದರೆ ನಮ್ಮದೇನೂ ಅಡ್ಡಿ ಇಲ್ಲ ಎಂದರಂತೆ. ಅವರ ಮಕ್ಕಳೇ ಮಳೆಯಲ್ಲಿ ಗುಣಿ ತೋಡಿದರು. ನಮ್ಮ ಪದ್ಧತಿಯಂತೆ ಕುಂಡ್ರಿಸಿ, ವಿಭೂತಿ ಹಚ್ಚಿ ಮಣ್ಣು ಕೊಟ್ಟರು ಎಂದರು ಶಾಂತಕ್ಕ.

ಖಾಸೀಂ ಸಾಬ್ ಹೊಲದ ಬದುವಿನ ಮೇಲೆ ನಮಗಾಗಿ ಕಾಯುತ್ತಿದ್ದರು. ಬಿಳಿ ಗಡ್ಡದ, ಎತ್ತರದ ಮನುಷ್ಯ. ಹೊಲವಿಡೀ ಬಿಳಿಜೋಳ ತೆನೆ ಬಾಗಿಸಿ ನಿಂತಿತ್ತು. ಹೊಳೆ ತಂದ ಮಣ್ಣಿಗೆ ಕೆಳಗಿನ ಹೊಲಗಳಲ್ಲಿ ಬೆಳೆ ಇನ್ನೂ ಜೋರಾಗಿದೆ ಎಂದು ಕೈಮಾಡಿ ತೋರಿಸಿದರು. ಬೆಳೆಯ ನಡುವೆ ಒಂದು ಕಡೆ ಮಾತ್ರ ಸಾಲು ತಪ್ಪಿತ್ತು. ಬಿತ್ತುವಾಗ ಕೂರಿಗೆಯನ್ನು ಎತ್ತಿ ಸುತ್ತು ಹಾಕಿ ಹೋಗಿದ್ದರು. ಅಲ್ಲಿ ಕಲ್ಲು ಜೋಡಿಸಿದ ಸಣ್ಣ ದಿಬ್ಬ. ಸುತ್ತಲೂ ತಲೆಮಟ್ಟದ ಜೋಳ ಇದ್ದುದರಿಂದ ಒಳಗೆ ಹೋದರೆ ಹೊರಗಿನದು ಏನೂ ಕಾಣುತ್ತಿರಲಿಲ್ಲ. ಗಾಳಿ ಬಂದಾಗ ಎಲೆಗಳ ಸದ್ದಷ್ಟೇ.

ಶಾಂತಕ್ಕ ಅಲ್ಲಿ ಬಹಳ ಹೊತ್ತು ಕೂತರು. ನಾನೂ ಖಾಸೀಂ ಸಾಬರೂ ಬದುವಿನ ಮೇಲೆ ನಿಂತೆವು. ನೀವು ಇಷ್ಟು ದೊಡ್ಡ ಉಪಕಾರ ಮಾಡಿದಿರಿ ಎಂದು ನಾನು ಏನೋ ಹೇಳಲು ಹೋದೆ.

“ಮಣ್ಣು ನಾ ಎಲ್ಲಿಂದರ ಹೊತ್ತು ತಂದೀನೇನ್ರಿ?” ಎಂದರು ಅವರು. “ಇತ್ತು, ಕೊಟ್ಟೀವಿ.”

ಅವರ ಮನೆಯಲ್ಲಿ ಊಟ ಮಾಡಿ ಹೊರಡುವ ಹೊತ್ತಾಯಿತು. ಆಗ ಅವರ ಹೆಂಡತಿ ಹುಸೇನಬಿ ಒಳಗಿನಿಂದ ಒಂದು ಮೊರ ಹಿಡಿದುಕೊಂಡು ಬಂದರು. ಮೊರದಲ್ಲಿ ಹೊಸ ಜೋಳ, ಒಂದು ತೆಂಗಿನಕಾಯಿ, ಮಡಿಸಿದ ಹಸಿರು ಕುಪ್ಪಸದ ಬಟ್ಟೆ. ತವರಿನಿಂದ ಹೊರಟ ಮಗಳಿಗೆ ಆ ಸೀಮೆಯಲ್ಲಿ ತಾಯಿ ತುಂಬುವ ಉಡಿ. ಹುಸೇನಬಿ ಸ್ವಲ್ಪ ನಾಚಿಕೆಯಿಂದ, ತಮ್ಮಲ್ಲಿ ಇದನ್ನು ಮಾಡುವುದಿಲ್ಲ, ನೆರೆಮನೆಯ ಗೌಡತಿಯನ್ನು ಕೇಳಿಕೊಂಡು ಬಂದೆ, ತಪ್ಪಿದ್ದರೆ ಹೇಳು ಎಂದರು.

“ನಿಮ್ಮವ್ವ ನಮ್ಮ ಹೊಲದಾಗ ಅದಾಳವ್ವಾ,” ಎಂದರು ಹುಸೇನಬಿ. “ಮಗಳು ಬಂದು ಬರಿಗೈಲೆ ಹೋದ್ರ ಆಕಿಗೆ ಹ್ಯಾಂಗ ಅನಸ್ತೈತಿ? ಹಿಡಿ, ಉಡಿ ಹಿಡಿ.”

ಶಾಂತಕ್ಕ ಎರಡೂ ಕೈಯಲ್ಲಿ ಸೆರಗು ಚಾಚಿದರು. ಹುಸೇನಬಿ ಬೊಗಸೆ ಬೊಗಸೆಯಾಗಿ ಜೋಳ ಸುರಿದರು. ಅಷ್ಟು ದಿನ ಅಳದಿದ್ದ ಶಾಂತಕ್ಕ ಅಲ್ಲಿ, ಆ ಅಪರಿಚಿತ ಮನೆಯ ಹೊಸ್ತಿಲ ಮೇಲೆ, ಸೆರಗು ಬಿಡಲಾಗದೆ ಕಣ್ಣನ್ನೂ ಒರೆಸಿಕೊಳ್ಳಲಾಗದೆ ಅತ್ತರು. ಹುಸೇನಬಿಯೇ ತಮ್ಮ ಸೆರಗಿನಿಂದ ಒರೆಸಿದರು.

ರಾಯಚೂರಿನಿಂದ ಹೈದರಾಬಾದಿನ ಬಸ್ಸು ಹತ್ತುವಾಗ ಸಾಲು ಸಾಲು ಜನ. ಶಾಂತಕ್ಕ ಉಡಿಯನ್ನು ಸೆರಗಿನಲ್ಲೇ ಗಂಟು ಹಾಕಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಕಂಡಕ್ಟರು ಟಿಕೆಟ್ಟು ಕೊಡಲು ಬಂದವನು ಅದನ್ನು ನೋಡಿ, ಅಷ್ಟು ಭಾರ ಹ್ಯಾಂಗ ಹಿಡಕೊಂಡು ಕುಂಡ್ರತೀರಿ, ಚೀಲದಾಗ ಹಾಕಿ ಮ್ಯಾಲ ಇಡ್ರಿ ಎಂದ.

“ಇರ್ಲಿ ಬಿಡಪ್ಪಾ,” ಎಂದರು ಶಾಂತಕ್ಕ. “ತವರಿಂದ ತಂದದ್ದು.”